ಕೈಗುಣದ ಬೆಲೆ: ಮೊದಲೇ ಹೇಳಬೇಕೆ, ಕೊಟ್ಟಷ್ಟು ಸಾಕೆ?

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ. ಬೆಂಗಳೂರಿನ ಪಶ್ಚಿಮಕ್ಕಿರುವ ಈ ಬಡಾವಣೆಗಳಲ್ಲಿ ಹೆರಿಗೆ ಮನೆಯನ್ನು ಬಿಟ್ಟು ಆಸ್ಪತ್ರೆಗೆ ಹೋಗಿ ದಶಕಗಳೇ ಆದವು. ಸೂಲಗಿತ್ತಿಯ ಕೆಲಸ ವೈದ್ಯರ, ದಾದಿಯರ ಕೈ ಸೇರಿದೆ. ಆದರೆ ಬಾಣಂತಿ ಮಗುವಿನೊಡನೆ ತವರಿಗೆ ಬಂದ ಮೇಲೆ ಆಸ್ಪತ್ರೆ ಮಾಡದ ಒಂದು ಕೆಲಸ ಉಳಿದೇ ಉಳಿಯುತ್ತದೆ. ನೀಡಿದ ಕಾಲುಗಳ ಮೇಲೆ ಕೂಸನ್ನು ಮಲಗಿಸಿಕೊಂಡು ಎಣ್ಣೆ ತಿಕ್ಕಿ ನೀರೆರೆಯಬೇಕು. ಬಾಣಂತಿಯ ಬೆನ್ನು, ಸೊಂಟಕ್ಕೆ ಹರಳೆಣ್ಣೆ ಹಚ್ಚಿ ನೀವಬೇಕು. ಬಿಸಿನೀರು ಹೊಯ್ದು, ಸಾಂಬ್ರಾಣಿ ಹೊಗೆ ಹಾಕಿ ಮಲಗಿಸಬೇಕು. ಹಿಂದೆ ಇದನ್ನೆಲ್ಲ ಮನೆಯ ಅಜ್ಜಿ ಮಾಡುತ್ತಿದ್ದಳು. ಅಜ್ಜಿಗೆ ಕೈಲಾಗದ ಅಥವಾ ಅಜ್ಜಿಯೇ ಇಲ್ಲದ ಮನೆಗಳಿಗೆ ಇಂದು ಹೊರಗಿನಿಂದ ಒಬ್ಬ ಹೆಂಗಸು ಬಂದು ಹೋಗುತ್ತಾಳೆ.

ಆಕೆ ಯಾವ ಸಂಸ್ಥೆಯ ನೌಕರಳೂ ಅಲ್ಲ. ಅಂಗಡಿ ಇಲ್ಲ, ಫಲಕ ಇಲ್ಲ. ಒಬ್ಬರ ಮನೆಯವರು ಇನ್ನೊಬ್ಬರಿಗೆ ಹೇಳಿ ಆಕೆಗೆ ಕೆಲಸ ದೊರೆಯುತ್ತದೆ. ಮೊದಲ ದಿನ ಮನೆಯ ಹಿರಿಯರು ‘ಎಷ್ಟು ಕೊಡಬೇಕಮ್ಮ?’ ಎಂದು ಕೇಳಿದರೆ, ಬಹಳ ಸಲ ಬರುವ ಉತ್ತರ ‘ನಿಮಗೆ ತಿಳಿದಷ್ಟು ಕೊಡಿ’ ಎಂಬುದು. ಮಾತು ಮರ್ಯಾದೆಯದು. ಆದರೆ ನಲವತ್ತನೆಯ ದಿನವೋ ಮೂರನೆಯ ತಿಂಗಳೋ ಲೆಕ್ಕ ಮುಗಿಸುವಾಗ ಆ ಮರ್ಯಾದೆಯೇ ಇಬ್ಬರಿಗೂ ಇಕ್ಕಟ್ಟಾಗುತ್ತದೆ. ಕೊಟ್ಟವರಿಗೆ ಹೆಚ್ಚಾಯಿತೇನೋ ಎಂಬ ಅನುಮಾನ, ಪಡೆದವಳಿಗೆ ಕಡಿಮೆಯಾಯಿತೆಂಬ ನೋವು. ಸೀರೆ, ಕುಪ್ಪಸದ ಕಣ, ಎಲೆಅಡಿಕೆ ಇಟ್ಟು ಕಳಿಸಿದರೂ ಆ ಮುಜುಗರ ಪೂರ್ತಿ ಹೋಗುವುದಿಲ್ಲ.

ಮೈ ನೀವುವ ಕಸುಬನ್ನು ಸ್ವಂತವಾಗಿ ನಡೆಸುವವರು ತಮ್ಮ ದರವನ್ನು ಮೊದಲೇ ತಿಳಿಸಬೇಕೆ? ಪ್ರಶ್ನೆ ಇಂದಿನ ಪೇಟೆಯದೆಂದು ತೋರಬಹುದು. ವಾಸ್ತವವಾಗಿ ಇದು ಬಹಳ ಹಳೆಯದು. ಈ ಬಡಾವಣೆಗಳು ಹೊತ್ತಿರುವ ಹೆಸರುಗಳ ಹಿಂದಿನ ಚರಿತ್ರೆಯಲ್ಲೇ ಇದಕ್ಕೆ ಒಂದಕ್ಕಿಂತ ಹೆಚ್ಚು ಉತ್ತರಗಳು ಸಿಗುತ್ತವೆ.

ಮಾತಾಡದ ಕೂಲಿ

ಮೈ ನೀವುವವನಿಗೆ ಸಂಸ್ಕೃತದಲ್ಲಿ ‘ಸಂವಾಹಕ’ ಎಂದು ಹೆಸರು. ಶೂದ್ರಕನ ‘ಮೃಚ್ಛಕಟಿಕ’ ನಾಟಕದಲ್ಲಿ ಆ ಹೆಸರಿನ ಪಾತ್ರವೇ ಇದೆ. ಪಾಟಲಿಪುತ್ರದಿಂದ ಉಜ್ಜಯಿನಿಗೆ ಬಂದ ಈತ ಮೊದಲು ಒಂದು ಕಲೆಯೆಂದು ಕಲಿತದ್ದನ್ನು ಆಮೇಲೆ ಹೊಟ್ಟೆಪಾಡಾಗಿ ಮಾಡಿಕೊಳ್ಳುತ್ತಾನೆ. ಚಾರುದತ್ತ ಬಡವನಾದ ಮೇಲೆ ಜೂಜಿಗೆ ಬೀಳುತ್ತಾನೆ, ಕೊನೆಗೆ ಬೌದ್ಧ ಭಿಕ್ಷುವಾಗುತ್ತಾನೆ. ಒಡೆಯನ ಔದಾರ್ಯವನ್ನೇ ನಂಬಿದ ಕಸುಬುದಾರ, ಒಡೆಯ ಕೆಟ್ಟಾಗ ತಾನೂ ಕೆಡುತ್ತಾನೆ ಎಂಬುದನ್ನು ನಾಟಕಕಾರ ಬಲ್ಲವನಾಗಿದ್ದ.

ಕನ್ನಡ ನಾಡಿನ ಅರಮನೆಯ ಚಿತ್ರ ಬೇಕಾದರೆ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದ ಪೂರ್ವಾರ್ಧದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ವನ್ನು ನೋಡಬೇಕು. ರಾಜನ ಇಪ್ಪತ್ತು ಭೋಗಗಳಲ್ಲಿ ಸ್ನಾನಕ್ಕೊಂದು, ಪಾದಕ್ಕೆ ಎಣ್ಣೆ ನೀವುವುದಕ್ಕೊಂದು ಪ್ರತ್ಯೇಕ ಸ್ಥಾನವನ್ನು ಅದು ಕೊಟ್ಟಿದೆ. ಅಲ್ಲಿ ವಿಷಯ ರಾಜನ ಸುಖ. ನೀವುವ ಕೈಗಳ ಸಂಪಾದನೆಯ ಕಡೆ ಗ್ರಂಥ ಗಮನ ಕೊಡುವುದಿಲ್ಲ.

ಕೂಲಿಯ ಬಗ್ಗೆ ನೇರವಾಗಿ ಮಾತಾಡುವುದು ಕೌಟಿಲ್ಯನ ‘ಅರ್ಥಶಾಸ್ತ್ರ’. ಶತಮಾನಗಳ ಕಾಲ ಕಣ್ಮರೆಯಾಗಿದ್ದ ಈ ಗ್ರಂಥದ ಪ್ರತಿಯನ್ನು ಬೆಳಕಿಗೆ ತಂದವರು ಮೈಸೂರಿನ ಆರ್. ಶಾಮಾಶಾಸ್ತ್ರಿಗಳು. ಅವರು 1909ರಲ್ಲಿ ಮೂಲವನ್ನೂ 1915ರಲ್ಲಿ ಇಂಗ್ಲಿಷ್ ಅನುವಾದವನ್ನೂ ಪ್ರಕಟಿಸಿದರು. ಅದರ ಮೂರನೆಯ ಅಧಿಕರಣದಲ್ಲಿ ಕೆಲಸಗಾರನಿಗೂ ಒಡೆಯನಿಗೂ ಇರುವ ಒಪ್ಪಂದದ ವಿಚಾರ ಬರುತ್ತದೆ. ಆ ಒಪ್ಪಂದ ನೆರೆಹೊರೆಯವರಿಗೆ ತಿಳಿದಿರಬೇಕು ಎಂಬುದು ಅಲ್ಲಿನ ಮೊದಲ ನಿಯಮ. ಮಾತಾಡಿದ ಕೂಲಿಯನ್ನು ಮಾತಾಡಿದಂತೆಯೇ ಕೊಡಬೇಕು. ಮಾತಾಡದೇ ಇದ್ದಲ್ಲಿ ಕೆಲಸ ಎಷ್ಟು, ತೆಗೆದುಕೊಂಡ ಕಾಲ ಎಷ್ಟು ಎಂದು ನೋಡಿ ಕೊಡಬೇಕು. ವೈದ್ಯರು, ಶಿಲ್ಪಿಗಳು, ಪರಿಚಾರಕರು ಮೊದಲಾದವರಿಗೆ ಅದೇ ಕೆಲಸ ಮಾಡುವ ಇತರರಿಗೆ ಸಿಗುವಷ್ಟು ಅಥವಾ ಬಲ್ಲವರು ಗೊತ್ತುಮಾಡಿದಷ್ಟು ಸಲ್ಲಬೇಕು. ಕೂಲಿ ಕೊಡದವನಿಗೆ ದಂಡ ಉಂಟು.

ಇಲ್ಲಿ ಗಮನಿಸಬೇಕಾದ ಸಂಗತಿ ಎರಡು. ಒಂದು, ‘ಮಾತಾಡದ ಕೂಲಿ’ ಎಂಬುದೇ ಆ ಕಾಲಕ್ಕೂ ಜಗಳದ ಮೂಲವಾಗಿತ್ತು. ಇಲ್ಲವಾಗಿದ್ದರೆ ಅದಕ್ಕೊಂದು ನಿಯಮ ಬೇಕಿರಲಿಲ್ಲ. ಎರಡು, ಕೌಟಿಲ್ಯ ದರವನ್ನು ಊರಿನ ಬಾಗಿಲಲ್ಲಿ ಬರೆದು ಹಾಕಿ ಎನ್ನಲಿಲ್ಲ. ನೆರೆಯವರಿಗೆ ಗೊತ್ತಿರಲಿ ಎಂದ. ಈ ಎರಡನೆಯ ಮಾತು ಮುಂದೆ ಬಳಕೆಗೆ ಬರುತ್ತದೆ.

ಅಳತೆ ಮೀರಿದ ಅಕ್ಕಿ

ಕೂಲಿಯ ಮಾತೆತ್ತಲು ನಾಚುವ ಕಸುಬುದಾರರಿಗೆ ಬಸವೇಶ್ವರನಗರದ ಹೆಸರೇ ಒಂದು ಸಮಾಧಾನ. 12ನೆಯ ಶತಮಾನದ ಶರಣರು ದುಡಿಮೆಯನ್ನು ಕಾಯಕವೆಂದು ಕರೆದರು. ಅವರಲ್ಲಿ ಮಡಿವಾಳ, ಅಂಬಿಗ, ಹಗ್ಗ ಹೊಸೆಯುವವ, ಬಿದ್ದ ಅಕ್ಕಿ ಆಯುವವ ಎಲ್ಲರೂ ಇದ್ದರು. ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ಹೆಚ್ಚಿನದನ್ನು ಹಿಂದಿರುಗಿಸಿ ಬರಲು ಹೇಳಿದ ಕಥೆ ಕನ್ನಡಿಗರಿಗೆಲ್ಲ ಗೊತ್ತು. ಹಗ್ಗದ ಬೆಲೆಗಿಂತ ಹೆಚ್ಚು ಹಣ ಬಂದಾಗ ನುಲಿಯ ಚಂದಯ್ಯ ಒಪ್ಪಲಿಲ್ಲವೆಂಬ ಕಥೆಯೂ ಇದೆ.

ಈ ಕಥೆಗಳನ್ನು ಸಾಮಾನ್ಯವಾಗಿ ನಿರಾಸೆಗೆ ಉದಾಹರಣೆಯಾಗಿ ಹೇಳುತ್ತಾರೆ. ಇನ್ನೊಂದು ಅರ್ಥವೂ ಅವುಗಳಲ್ಲಿದೆ. ಹೆಚ್ಚಾಯಿತೆಂದು ಗೊತ್ತಾಗಬೇಕಾದರೆ ಸರಿಯಾದದ್ದು ಎಷ್ಟೆಂಬುದು ಮೊದಲೇ ಗೊತ್ತಿರಬೇಕು. ಲಕ್ಕಮ್ಮನ ಬಳಿ ಅಳತೆ ಇತ್ತು, ಚಂದಯ್ಯನ ಬಳಿ ಬೆಲೆ ಇತ್ತು. ಎರಡನ್ನೂ ಗೊತ್ತುಮಾಡಿದವರು ದುಡಿಯುವವರೇ. ಬೆಲೆ ಹೇಳುವುದು ಆಸೆಬುರುಕತನ ಎನ್ನುವವರಿಗೆ ಶರಣರ ಕಥೆಗಳಲ್ಲಿ ಬೆಂಬಲ ಸಿಗುವುದಿಲ್ಲ.

ಆಯದಿಂದ ಬಿಟ್ಟಿಯವರೆಗೆ

ಹಳೆಯ ಹೊಸಹಳ್ಳಿಯ ಆಸುಪಾಸಿನಲ್ಲಿ ಬೆಳೆದ ಬೆಂಗಳೂರಿನ ವಿಜಯನಗರ, ಪಕ್ಕದ ಹಂಪಿನಗರ ಎರಡೂ ತುಂಗಭದ್ರೆಯ ದಂಡೆಯ ಸಾಮ್ರಾಜ್ಯದ ನೆನಪನ್ನು ಹೊತ್ತಿವೆ. ಆ ಸಾಮ್ರಾಜ್ಯದ ಕಾಲಕ್ಕೆ ಗಟ್ಟಿಯಾಗಿ ನೆಲೆಯೂರಿದ್ದ ಹಳ್ಳಿಯ ಏರ್ಪಾಡೇ ಆಯಗಾರ ಪದ್ಧತಿ. ಗೌಡ, ಶಾನುಭೋಗ, ಬಡಗಿ, ಕಮ್ಮಾರ, ಕುಂಬಾರ, ಅಗಸ, ಕೆಲಸಿ, ನೀರುಗಂಟಿ ಹೀಗೆ ಹನ್ನೆರಡು ಮಂದಿ ಎಂಬುದು ವಾಡಿಕೆಯ ಲೆಕ್ಕ. ಕೆಲಸಿಯ ಪಾಲಿಗೆ ಕ್ಷೌರವಷ್ಟೇ ಇರಲಿಲ್ಲ. ತಲೆಗೆ ಎಣ್ಣೆ ತಟ್ಟುವುದು, ಮೈಕೈ ನೀವುವುದು, ಸಣ್ಣ ಗಾಯ ನೋಡುವುದು ಅನೇಕ ಕಡೆ ಅವನ ಕಸುಬಿನೊಂದಿಗೇ ಬಂದವು. ಅವನ ಮನೆಯ ಹೆಂಗಸರು ಹಲವೆಡೆ ಸೂಲಗಿತ್ತಿಯರಾಗಿದ್ದರು.

ಇವರ ಆದಾಯ ಸುಗ್ಗಿಯ ಕಣದಲ್ಲಿ ನಿಗದಿಯಾಗುತ್ತಿತ್ತು. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಅದನ್ನು ಬರೆದಿಟ್ಟಿದ್ದಾನೆ. ಸರ್ಕಾರವೂ ರೈತನೂ ತಮ್ಮ ಪಾಲು ಹಂಚಿಕೊಳ್ಳುವ ಮೊದಲು ಧಾನ್ಯದ ರಾಶಿಯಿಂದ ದೇವರಿಗೆ, ಜೋಯಿಸನಿಗೆ, ಕೆಲಸಿಗೆ, ಕುಂಬಾರನಿಗೆ, ಅಗಸನಿಗೆ ಇಷ್ಟಿಷ್ಟು ಸೇರೆಂದು ಅಳೆದು ತೆಗೆಯಲಾಗುತ್ತಿತ್ತು. 1810ರಲ್ಲಿ ಮೈಸೂರಿನ ಚರಿತ್ರೆಯ ಮೊದಲ ಸಂಪುಟ ಪ್ರಕಟಿಸಿದ ಮಾರ್ಕ್ ವಿಲ್ಕ್ಸ್ ಕೂಡ ಈ ಹನ್ನೆರಡು ಜನರ ಪಟ್ಟಿ ಕೊಟ್ಟಿದ್ದಾನೆ.

ಎಲ್ಲರ ಕಣ್ಣೆದುರು, ಬಯಲು ಕಣದಲ್ಲಿ, ಸೇರಿನಿಂದ ಅಳೆದು ಕೊಡುವ ಕೂಲಿಗಿಂತ ಬಹಿರಂಗವಾದ ದರ ಇನ್ನಾವುದು? ಆ ದೃಷ್ಟಿಯಿಂದ ಆಯ ಗುಟ್ಟಿನದಾಗಿರಲಿಲ್ಲ. ಆದರೆ ಅಳೆಯುವ ಸೇರು ಕೆಲಸಿಯ ಕೈಯಲ್ಲಿರಲಿಲ್ಲ. ವರ್ಷಕ್ಕೆ ಎಷ್ಟು ತಲೆ, ಎಷ್ಟು ಬಾಣಂತಿ ಎಂಬ ಲೆಕ್ಕ ಅಲ್ಲಿ ಬರುತ್ತಿರಲಿಲ್ಲ. ಕಡಿಮೆಯಾಯಿತೆಂದು ಬೇರೆ ಊರಿಗೆ ಹೋಗುವುದೂ ಸುಲಭವಿರಲಿಲ್ಲ. ದರ ಬಹಿರಂಗವಾಗಿದ್ದರೂ ದುಡಿಯುವವನಿಗೆ ಅದರಲ್ಲಿ ಮಾತಿರಲಿಲ್ಲ.

ಅದಕ್ಕಿಂತ ಕೆಳಗಿನ ಮೆಟ್ಟಿಲೂ ಒಂದಿತ್ತು. ಅದೇ ಬಿಟ್ಟಿ. ಸಂಸ್ಕೃತದ ‘ವಿಷ್ಟಿ’ಯಿಂದ ಬಂದ ಈ ಮಾತಿಗೆ ಬಲವಂತದ, ಕೂಲಿಯಿಲ್ಲದ ದುಡಿಮೆ ಎಂದು ಅರ್ಥ. ಬಿಟ್ಟಿಗೆ ಜನರನ್ನು ಹಿಡಿದು ತರುವವನಿಗೆ ಅರ್ಥಶಾಸ್ತ್ರದ ಸಂಬಳಪಟ್ಟಿಯಲ್ಲಿ 60 ಪಣ ಗೊತ್ತಾಗಿದೆ. ಬಿಟ್ಟಿ ಮಾಡುವವನ ಹೆಸರಿಗೆ ಅಲ್ಲಿ ಸಂಬಳವಿಲ್ಲ.

ವಿಜಯನಗರದ ಸದಾಶಿವರಾಯನ ಆಳ್ವಿಕೆಯಲ್ಲಿ, 1540ರ ದಶಕದಲ್ಲಿ, ಈ ಕಸುಬಿನವರಿಗೆ ಒಂದು ದೊಡ್ಡ ಬಿಡುಗಡೆ ಸಿಕ್ಕಿತು. ಅಧಿಕಾರ ನಡೆಸುತ್ತಿದ್ದ ಅಳಿಯ ರಾಮರಾಯನಿಗೆ ಕ್ಷೌರ ಮಾಡಿ ಮೆಚ್ಚಿಸಿದ ಕೊಂಡೋಜ ಮೊದಲಾದ ನಾಪಿತರು ತಮ್ಮ ಒಬ್ಬರಿಗಾಗಿ ಬಹುಮಾನ ಕೇಳಲಿಲ್ಲ. ಇಡೀ ಸಮುದಾಯದ ಮೇಲಿದ್ದ ತೆರಿಗೆ, ಬಿಟ್ಟಿ ಮುಂತಾದವನ್ನು ಬಿಡಿಸಿಕೊಂಡರು. ನಾಡಿನ ಹಲವೆಡೆ ದೊರೆತ ಕಲ್ಲಿನ ಶಾಸನಗಳು ಇದನ್ನು ಸಾರುತ್ತವೆ. ಕೈಕಸುಬಿನ ಜನ ಕೇಳಿ ಪಡೆದ ಹಕ್ಕೊಂದು ಊರೂರಿನ ಕಲ್ಲಿನ ಮೇಲೆ ಪ್ರಕಟವಾದ ಅಪರೂಪದ ಪ್ರಸಂಗ ಇದು. ಇನ್ನು ಮುಂದೆ ಈ ಕೈಯ ದುಡಿಮೆ ಬಿಟ್ಟಿಯಲ್ಲ ಎಂಬುದನ್ನು ಅಂದು ಎಲ್ಲರಿಗೂ ಕಾಣುವಂತೆ ಬರೆಸಬೇಕಾಯಿತು.

ಬೋರ್ಡಿನ ಮೇಲೆ ಬಂದ ಬೆಲೆ

ದೇಹಸೇವೆಯ ದರವನ್ನು ಪ್ರಭುತ್ವವೇ ಕಲ್ಲಿನ ಮೇಲೆ ಬರೆಸಿದ ಉದಾಹರಣೆ ರೋಮಿನಲ್ಲಿದೆ. ಕ್ರಿ.ಶ. 301ರಲ್ಲಿ ಚಕ್ರವರ್ತಿ ಡಯೊಕ್ಲೀಶಿಯನ್ ಹೊರಡಿಸಿದ ಗರಿಷ್ಠ ಬೆಲೆಗಳ ಶಾಸನದಲ್ಲಿ ಕ್ಷೌರಿಕನಿಗೆ ಒಬ್ಬ ಗಿರಾಕಿಗೆ 2 ಡಿನಾರಿಯಸ್, ಸ್ನಾನಗೃಹದಲ್ಲಿ ಬಟ್ಟೆ ಕಾಯುವವನಿಗೆ ಒಬ್ಬರಿಗೆ 2 ಡಿನಾರಿಯಸ್ ಎಂದಿದೆ. ಆ ಶಾಸನ ಹೆಚ್ಚು ಕಾಲ ಬಾಳಲಿಲ್ಲ. ಹಣದ ಮೌಲ್ಯ ಕುಸಿಯುತ್ತಿದ್ದಾಗ ಮೇಲಿನಿಂದ ಹೇರಿದ ಬೆಲೆಗೆ ದುಡಿಯಲು ಜನ ಸಿದ್ಧರಿರಲಿಲ್ಲ.

ಮಾರುವವನೇ ತನ್ನ ಬೆಲೆಯನ್ನು ಮೊದಲೇ ಹೇಳಿ ಅದಕ್ಕೆ ಬದ್ಧನಾಗುವ ರೂಢಿ ಬೇರೆ ದಾರಿಯಿಂದ ಬಂತು. 17ನೆಯ ಶತಮಾನದ ಇಂಗ್ಲೆಂಡಿನಲ್ಲಿ ಜಾರ್ಜ್ ಫಾಕ್ಸ್ ತನ್ನ ಕ್ವೇಕರ್ ಪಂಥದ ವ್ಯಾಪಾರಿಗಳಿಗೆ ಚೌಕಾಸಿ ಬಿಟ್ಟು ಒಂದೇ ಬೆಲೆ ಹೇಳಲು ಬೋಧಿಸಿದ. ಹೆಚ್ಚು ಹೇಳಿ ಕಡಿಮೆಗೆ ಕೊಡುವುದು ಸುಳ್ಳಾಡಿದಂತೆ ಎಂಬುದು ಅವನ ವಾದ. ಅದರ ಫಲವಾಗಿ ಅವರ ಅಂಗಡಿಗಳಿಗೆ ಮಕ್ಕಳನ್ನು ಕಳಿಸಿದರೂ ಮೋಸವಿಲ್ಲವೆಂಬ ಹೆಸರು ಬಂತು. ಪ್ಯಾರಿಸಿನಲ್ಲಿ 1852ರಿಂದ ಬಾನ್ ಮಾರ್ಶೆ ಅಂಗಡಿಯನ್ನು ಬೆಳೆಸಿದ ಅರಿಸ್ತೀದ್ ಬೂಸಿಕೊ ಸರಕಿನ ಮೇಲೆ ಬೆಲೆಚೀಟಿ ಅಂಟಿಸುವುದನ್ನು ದೊಡ್ಡ ವ್ಯಾಪಾರದ ನಿಯಮವಾಗಿಸಿದ. ಬೆಲೆ ಕೇಳಲು ಸಂಕೋಚಪಡುತ್ತಿದ್ದ ಸಾಮಾನ್ಯರೂ ಅಂಗಡಿಯೊಳಗೆ ಕಾಲಿಟ್ಟರು.

ಬೆಂಗಳೂರಿನಲ್ಲಿ ಇದರ ಪರಿಚಿತ ರೂಪವೆಂದರೆ ಕ್ಷೌರದಂಗಡಿಯ ಕನ್ನಡಿಯ ಪಕ್ಕದ ದರಪಟ್ಟಿ. ಕಟಿಂಗ್‌ಗೆ ಇಷ್ಟು, ಶೇವಿಂಗ್‌ಗೆ ಇಷ್ಟು, ಹೆಡ್ ಮಸಾಜ್‌ಗೆ ಇಷ್ಟು. ಮನೆಮನೆಗೆ ಹೋಗಿ ಜಗಲಿಯ ಮೇಲೆ ಕುಕ್ಕರುಗಾಲಲ್ಲಿ ಕೂತು ಕೆಲಸ ಮಾಡುತ್ತಿದ್ದ ಕೆಲಸಿ ಅಂಗಡಿಗೆ ಬಂದ ಮೇಲೆ ಗಿರಾಕಿ ಅವನಲ್ಲಿಗೆ ಬರಬೇಕಾಯಿತು. ಸುಗ್ಗಿಯ ಆಯ ಹೋಗಿ ಆಯಾ ದಿನದ ಹಣ ಬಂತು. ಗೌಡನಿಗೂ ಜೀತದಾಳಿಗೂ ಒಂದೇ ದರವಾಯಿತು. ಆ ಸಣ್ಣ ಬೋರ್ಡು ಜಾತಿಯ ಹಳೆಯ ಸಂಬಂಧವನ್ನು ಕಸುಬುದಾರ ಮತ್ತು ಗಿರಾಕಿಯ ಸಂಬಂಧವಾಗಿ ತಿರುಗಿಸಲು ನೆರವಾಯಿತು.

ರಾಜಾಜಿನಗರದ ಕಡೆ ಇನ್ನೊಂದು ಬಗೆಯ ನಿಶ್ಚಿತ ಸಂಬಳ ಬಂತು. ಕಾರ್ಖಾನೆಗಳ ಬಡಾವಣೆಯಾಗಿ ಬೆಳೆದ ಅಲ್ಲಿ ತಿಂಗಳ ಸಂಬಳವೂ 1948ರ ಕಾನೂನಿನಡಿ ಕಾರ್ಮಿಕರ ವಿಮೆಯ ಇ.ಎಸ್.ಐ. ಆಸ್ಪತ್ರೆಯೂ ಬಂದವು. ಕಾರ್ಖಾನೆಯ ಹೆಣ್ಣಾಳಿಗೆ ಹೆರಿಗೆ ಭತ್ಯೆ ದೊರೆಯಿತು. ಅದೇ ಹೆಣ್ಣಾಳಿನ ಮನೆಗೆ ಹೋಗಿ ಕೂಸಿಗೆ ನೀರೆರೆಯುವವಳ ದುಡಿಮೆ ಮಾತ್ರ ಯಾವ ಪಟ್ಟಿಗೂ ಸೇರಲಿಲ್ಲ. ಕರ್ನಾಟಕ ಸರ್ಕಾರ 2004ರಲ್ಲಿ ಮನೆಗೆಲಸದವರಿಗೆ ಕನಿಷ್ಠ ವೇತನ ಗೊತ್ತುಮಾಡಿದ್ದು ದೊಡ್ಡ ಹೆಜ್ಜೆ. ಆದರೂ ಮುಕ್ಕಾಲು ಗಂಟೆಗೊಂದು ಮನೆಯಂತೆ ಬೆಳಗಿನ ಹೊತ್ತು ಮೂರು ನಾಲ್ಕು ಮನೆ ಸುತ್ತುವ ಇಂಥ ಕೈಗಳಿಗೆ ದಿನಗೂಲಿಯ ಲೆಕ್ಕ ಸರಿಯಾಗಿ ಹೊಂದುವುದಿಲ್ಲ.

ಬೇಡವೆನ್ನುವವರ ವಾದ

ದರ ಮೊದಲೇ ಹೇಳುವುದಕ್ಕೆ ಆಕ್ಷೇಪಗಳಿಲ್ಲದಿಲ್ಲ. ಅವನ್ನು ತಳ್ಳಿಹಾಕುವಂತೆಯೂ ಇಲ್ಲ.

ಮೊದಲನೆಯದು, ಇದು ಪುಣ್ಯದ ಕೆಲಸ ಎಂಬ ಭಾವನೆ. ತುಮಕೂರು ಜಿಲ್ಲೆ ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮ ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ಹಣ ಕೇಳದೆ ಮಾಡಿಸಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು; ಅದೇ ವರ್ಷ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಅಂಥವರ ಮುಂದೆ ದರಪಟ್ಟಿಯ ಮಾತು ಸಣ್ಣದಾಗಿ ಕಾಣುವುದು ಸಹಜ. ಆದರೆ ಹಣ ಬೇಡವೆನ್ನುವ ಹಕ್ಕು ಮಾಡುವವರದು. ಮಾಡಿಸಿಕೊಳ್ಳುವವರು ‘ಪುಣ್ಯ ಬರುತ್ತದೆ ಬಿಡಮ್ಮ’ ಎಂದು ಇನ್ನೊಬ್ಬರ ಪರವಾಗಿ ಹೇಳುವಂತಿಲ್ಲ. ಬಾಡಿಗೆ ಮನೆಯಲ್ಲಿದ್ದುಕೊಂಡು ಬಸ್ಸಿಗೆ ದುಡ್ಡು ಕೊಟ್ಟು ಬರುವವಳಿಗೆ ಹಳ್ಳಿಯ ಕಣಜದ ಆಸರೆಯೂ ಇಲ್ಲ.

ಎರಡನೆಯದು, ಕೈಗುಣವನ್ನು ಅಳೆಯುವುದು ಹೇಗೆ ಎಂಬುದು. ಒಂದು ಮಗು ಅಳದೆ ಮಲಗುತ್ತದೆ, ಇನ್ನೊಂದು ರಚ್ಚೆ ಹಿಡಿಯುತ್ತದೆ. ಲಕ್ವ ಹೊಡೆದ ಹಿರಿಯರ ಕೈಕಾಲು ನೀವುವುದಕ್ಕೂ ಮಂಡಿನೋವಿಗೆ ಎಣ್ಣೆ ಹಚ್ಚುವುದಕ್ಕೂ ಶ್ರಮ ಬೇರೆ. ಇದು ನಿಜ. ಆದರೆ ದರ್ಜಿಯೂ ಬಟ್ಟೆ ನೋಡದೆ ಕೊನೆಯ ಲೆಕ್ಕ ಹೇಳುವುದಿಲ್ಲ. ಅಂಗಿಗೆ ಇಷ್ಟರಿಂದ ಎಂದು ಹೇಳುತ್ತಾನೆ. ಮೂಲ ದರ ಹೇಳಿ, ಯಾವುದಕ್ಕೆ ಹೆಚ್ಚಾಗುತ್ತದೆಂದು ಮೊದಲೇ ತಿಳಿಸಿದರೆ ಈ ತೊಡಕು ನೀಗುತ್ತದೆ.

ಮೂರನೆಯದು, ದರ ಹೇಳಿದರೆ ಪಕ್ಕದವಳು ಹತ್ತು ರೂಪಾಯಿ ಕಡಿಮೆ ಹೇಳುತ್ತಾಳೆ ಎಂಬ ಭಯ. ಗುಟ್ಟಿನಲ್ಲಿಯೂ ಈ ಪೈಪೋಟಿ ನಡೆದೇ ಇದೆ. ವ್ಯತ್ಯಾಸವೆಂದರೆ ಗುಟ್ಟಿದ್ದಾಗ ಎಲ್ಲರ ದರವನ್ನೂ ಬಲ್ಲವರು ಗಿರಾಕಿಗಳು ಮಾತ್ರ. ‘ಆಚೆ ಬೀದಿಯವಳು ಇಷ್ಟಕ್ಕೇ ಬರುತ್ತಾಳೆ’ ಎಂಬ ಮಾತನ್ನು ಪರೀಕ್ಷಿಸುವ ದಾರಿ ದುಡಿಯುವವಳಿಗೆ ಇರುವುದಿಲ್ಲ. ಒಬ್ಬರ ದರ ಇನ್ನೊಬ್ಬರಿಗೆ ತಿಳಿದಿದ್ದರೆ ಆ ಸುಳ್ಳು ಬಹಳ ದಿನ ನಡೆಯದು.

ನಾಲ್ಕನೆಯದು ಎಲ್ಲಕ್ಕಿಂತ ಭಾರವಾದುದು. ಮಸಾಜ್ ಎಂಬ ಮಾತೇ ನಗರದಲ್ಲಿ ಪಿಸುಮಾತಾಗಿ ಬಿಟ್ಟಿದೆ. ಹೆಂಗಸೊಬ್ಬಳು ತನ್ನ ಫೋನ್ ನಂಬರಿನೊಡನೆ ದರವನ್ನು ಗೋಡೆಗೆ ಹಚ್ಚಿದರೆ ಬರುವ ಕರೆಗಳೆಲ್ಲ ಬಾಣಂತಿಯರ ಮನೆಯಿಂದ ಬರುವುದಿಲ್ಲ. ಈ ಅಪಾಯವನ್ನು ಹಗುರವಾಗಿ ಕಾಣಲಾಗದು. ಕೌಟಿಲ್ಯನ ನಿಯಮ ಇಲ್ಲಿ ನೆನಪಾಗುತ್ತದೆ: ಒಪ್ಪಂದ ನೆರೆಯವರಿಗೆ ತಿಳಿದಿರಲಿ. ದರ ಪ್ರಕಟವಾಗಿರಬೇಕೆಂದರೆ ಬೀದಿಗೆಲ್ಲ ಕಾಣಬೇಕೆಂದಲ್ಲ. ಹೆರಿಗೆ ಆಸ್ಪತ್ರೆಯ ದಾದಿ, ಮಹಿಳಾ ಸಂಘ, ಹಿಂದೆ ಕೆಲಸ ಮಾಡಿಸಿಕೊಂಡ ಮನೆಯವರು ಇವರಿಗೆ ತಿಳಿದಿದ್ದು, ಕೇಳಿದವರಿಗೆಲ್ಲ ಒಂದೇ ಉತ್ತರ ಸಿಕ್ಕರೆ ಅದೂ ಪ್ರಕಟವಾದಂತೆಯೇ. ಹೇಳುವ ದರ ಒಂದೇ, ಅದರಲ್ಲಿ ಸೇರುವ ಕೆಲಸವೂ ಸ್ಪಷ್ಟ ಎಂದಾದಾಗ ಅನುಮಾನದ ಮಾತಿಗೆ ಎಡೆ ಕಡಿಮೆ.

ಸೇರು ಯಾರ ಕೈಯಲ್ಲಿ?

ಇತ್ತೀಚಿನ ವರ್ಷಗಳಲ್ಲಿ ಈ ಕಸುಬು ಮೊಬೈಲಿನ ಪರದೆಗೂ ಬಂದಿದೆ. 2014ರಲ್ಲಿ ಅರ್ಬನ್‌ಕ್ಲ್ಯಾಪ್ ಎಂದು ಆರಂಭವಾಗಿ 2020ರಲ್ಲಿ ಅರ್ಬನ್ ಕಂಪನಿಯೆಂದು ಹೆಸರು ಬದಲಿಸಿಕೊಂಡ ಸಂಸ್ಥೆಯ ಆ್ಯಪ್‌ನಲ್ಲಿ ಮನೆಗೆ ಬಂದು ಮಾಡುವ ಮಸಾಜಿನ ದರವೂ ಅವಧಿಯೂ ಮೊದಲೇ ಕಾಣುತ್ತವೆ. ಗಿರಾಕಿಗೆ ಇದು ಅನುಕೂಲ. ಆದರೆ ಆ ದರವನ್ನು ಗೊತ್ತುಮಾಡುವವರು ಕೆಲಸಕ್ಕೆ ಬಂದವರಲ್ಲ. 2021ರ ಅಕ್ಟೋಬರಿನಲ್ಲಿ ಆ ಸಂಸ್ಥೆಯ ಗುರುಗ್ರಾಮದ ಕಚೇರಿಯ ಮುಂದೆ ಸೌಂದರ್ಯಸೇವೆಯ ಹೆಂಗಸರು ಕಮಿಷನ್ ಹೆಚ್ಚೆಂದು ಪ್ರತಿಭಟಿಸಿದರು. ಆ್ಯಪ್‌ಗಳ ಮೂಲಕ ದುಡಿಯುವವರ ಸಾಮಾಜಿಕ ಭದ್ರತೆಗೆಂದು ಕರ್ನಾಟಕ 2025ರಲ್ಲಿ ಕಾನೂನು ತಂದಿತು. ಕಣದಲ್ಲಿ ಅಳೆದ ಆಯದಂತೆ ಇಲ್ಲಿಯೂ ದರ ಎಲ್ಲರಿಗೂ ಕಾಣುತ್ತದೆ. ಅಳೆಯುವ ಸೇರು ಬೇರೆಯವರ ಕೈಯಲ್ಲಿದೆ.

ಇನ್ನೊಂದು ಕಡೆ ಆಟೋರಿಕ್ಷಾ ಇದೆ. 2025ರ ಆಗಸ್ಟ್ 1ರಿಂದ ಬೆಂಗಳೂರಿನಲ್ಲಿ ಮೊದಲ 2 ಕಿಲೋಮೀಟರಿಗೆ 36 ರೂಪಾಯಿ ಎಂದು ಸರ್ಕಾರಿ ದರ ಪ್ರಕಟವಾಯಿತು. ಮೀಟರು ಎದುರಿಗೇ ಇದ್ದರೂ ಚೌಕಾಸಿ ನಿಲ್ಲದಿರುವುದು ಊರಿಗೆಲ್ಲ ಗೊತ್ತು. ದರ ಬರೆದರೆ ಸಾಲದು. ಅದರಲ್ಲಿ ಬದುಕು ಸಾಗುತ್ತದೆಂದು ದುಡಿಯುವವನಿಗೂ ಅನ್ನಿಸಬೇಕು.

ಸ್ವಂತವಾಗಿ ದುಡಿಯುವವರಿಗೆ ಇರುವ ಅನುಕೂಲ ಇಲ್ಲಿಯೇ. ಅವರಿಗೆ ಮೇಲಿನಿಂದ ದರ ಹೇರುವವರಿಲ್ಲ. ಕಳೆದುಕೊಳ್ಳುತ್ತಿರುವುದು ಅದನ್ನು ಬಾಯಿಬಿಟ್ಟು ಹೇಳದೇ ಇರುವುದರಿಂದ. ಹೇಳಬೇಕಾದದ್ದು ಹೆಚ್ಚೇನಿಲ್ಲ. ತಾಯಿಗೆ ಎಷ್ಟು, ಮಗುವಿಗೆ ಎಷ್ಟು, ಇಬ್ಬರಿಗೂ ಸೇರಿ ಎಷ್ಟು. ಎಷ್ಟು ದಿನ. ಎಣ್ಣೆ, ಸೀಗೆಪುಡಿ ಯಾರದು. ನೀರು ಕಾಯಿಸಿಡುವವರು ಯಾರು. ವಾರಕ್ಕೊಂದು ರಜೆ ಉಂಟೆ. ಬಾರದ ದಿನದ ಲೆಕ್ಕ ಹೇಗೆ. 2021ರ ಆಗಸ್ಟಿನಲ್ಲಿ ಮೆಟ್ರೊ ಕೆಂಗೇರಿಯವರೆಗೆ ಬಂದ ಮೇಲೆ ಅಲ್ಲಿಂದ ವಿಜಯನಗರಕ್ಕೆ ಬೆಳಿಗ್ಗೆ ಬಂದು ಹೋಗುವುದು ಸುಲಭವಾಗಿದೆ. ಆ ಟಿಕೆಟ್ಟಿನ ಹಣ ಯಾರದೆಂಬುದೂ ಲೆಕ್ಕದಲ್ಲಿ ಸೇರಬೇಕು. ಕೊನೆಯ ದಿನದ ಸೀರೆ, ಎಲೆಅಡಿಕೆ ಇದರ ಮೇಲಿನ ಪ್ರೀತಿಯ ಕೊಡುಗೆ. ಅದನ್ನು ಕೂಲಿಯಲ್ಲಿ ಹಿಡಿಯಬಾರದು.

ಕೇಳುವ ಜವಾಬ್ದಾರಿ ಮನೆಯವರದೂ ಹೌದು. ‘ನಿಮಗೆ ತಿಳಿದಷ್ಟು ಕೊಡಿ’ ಎಂದವಳಿಗೆ ‘ಇಲ್ಲಮ್ಮ, ನೀವೇ ಹೇಳಿ’ ಎಂದು ಕೂರಿಸಿ ಕೇಳಿದರೆ ಬಹಳಷ್ಟು ಸಲ ಆಕೆ ಹೇಳುತ್ತಾಳೆ. ಹೇಳಲು ಹಿಂಜರಿಯುವುದು ಲೆಕ್ಕ ಬಾರದೆ ಅಲ್ಲ, ಹೇಳಿದರೆ ಕೆಲಸ ತಪ್ಪೀತೆಂಬ ಅಂಜಿಕೆಯಿಂದ.

ಬಿಟ್ಟಿ ಎಂಬ ಮಾತು ಕನ್ನಡದಲ್ಲಿ ಇಂದಿಗೂ ಬಳಕೆಯಲ್ಲಿದೆ. ಹಿಂದೆ ಅದು ಕೂಲಿಯಿಲ್ಲದೆ ದುಡಿದವನ ಪಾಡನ್ನು ಹೇಳುತ್ತಿತ್ತು. ಈಗ ‘ಬಿಟ್ಟಿ ಸಿಕ್ಕಿತು’ ಎಂದರೆ ಪಡೆದವನ ಸಂತೋಷ. ಮಾತಿನ ಅರ್ಥ ಮಾಡುವವನ ಕಡೆಯಿಂದ ಪಡೆಯುವವನ ಕಡೆಗೆ ಸರಿದುಹೋಗಿದೆ. ಮೊದಲ ದಿನವೇ ಎಣ್ಣೆಯ ಬಟ್ಟಲು ಕೈಗೆತ್ತಿಕೊಳ್ಳುವ ಮುನ್ನ ದರದ ಮಾತಾಡಿ ಮುಗಿಸಿದರೆ, ಕನಿಷ್ಠ ಆ ಮನೆಯಲ್ಲಿ ಬಿಟ್ಟಿಯ ಎರಡೂ ಅರ್ಥಗಳಿಗೆ ಕೆಲಸವಿರುವುದಿಲ್ಲ.